ಗುರುವಿಲ್ಲದವನ ಋಣ

ವಿದ್ಯೆ ಯಾರದು? ಕಲಿಸಿದವನದೋ, ಕಲಿತವನದೋ? ಈ ಪ್ರಶ್ನೆ ನಮ್ಮಲ್ಲಿ ಹೊಸದೇನೂ ಅಲ್ಲ. ಕಾಡಿನಲ್ಲಿ ಮಣ್ಣಿನ ಮೂರ್ತಿಯನ್ನು ಮುಂದಿಟ್ಟುಕೊಂಡು ಬಿಲ್ವಿದ್ಯೆ ಕಲಿತ ಏಕಲವ್ಯನ ಹೆಬ್ಬೆರಳು ನೆಲಕ್ಕೆ ಬಿದ್ದಂದಿನಿಂದಲೂ ಅದು ನಮ್ಮ ನಡುವೆ ಇದ್ದೇ ಇದೆ. ಆ ಕಥೆಯನ್ನು ಕೇಳಿದಾಗಲೆಲ್ಲ ನಾವು ಏಕಲವ್ಯನಿಗಾಗಿ ಮರುಗುತ್ತೇವೆ. ದ್ರೋಣನನ್ನು ಮನಸ್ಸಿನಲ್ಲೇ ಆಕ್ಷೇಪಿಸುತ್ತೇವೆ. ಆದರೆ ದ್ರೋಣನ ಪೀಠ ನಮಗೇ ದೊರೆತಾಗ ನಾವೇನು ಮಾಡುತ್ತೇವೆ ಎಂಬುದು ಬೇರೆ ಮಾತು. ಅಂಥದೊಂದು ಪೀಠ ನಮಗೊಮ್ಮೆ ದೊರೆತಿತ್ತು. ಅದರ ಮೇಲೆ ಕುಳಿತು ನಾವು ನಡೆದುಕೊಂಡ ರೀತಿಯನ್ನು ಓದುಗರ ಮುಂದೆ ಇಡುವುದಕ್ಕಾಗಿಯೇ ಈ ಲೇಖನ.

ಕೆಲವು ವರ್ಷಗಳ ಹಿಂದೆ, ರಾಜ್ಯೋತ್ಸವದ ಅಂಗವಾಗಿ ಮಕ್ಕಳಿಗೆ ಪ್ರಬಂಧ ಸ್ಪರ್ಧೆಯೊಂದು ನಡೆಯಿತು. ಮನೆಯಲ್ಲೇ ಬರೆದು ತಂದು ಕೊಡಬೇಕು ಎಂಬುದು ನಿಯಮ. ತೀರ್ಪುಗಾರರು ನಾವು ಮೂವರು. ಬಂದ ಇಪ್ಪತ್ತು ಚಿಲ್ಲರೆ ಪ್ರಬಂಧಗಳಲ್ಲಿ ಒಂದು ನಮ್ಮನ್ನು ಹಿಡಿದು ನಿಲ್ಲಿಸಿತು. ಬರೆದವಳು ಹದಿನಾಲ್ಕರ ಹುಡುಗಿ. ಮನೆಮಾತು ತುಳು, ಶಾಲೆಯದು ಇಂಗ್ಲಿಷು, ಬೀದಿಯದು ಮರಾಠಿ. ಕನ್ನಡವನ್ನು ಯಾವ ತರಗತಿಯಲ್ಲೂ ಕಲಿತವಳಲ್ಲ. ಆದರೂ ಅವಳ ವಾಕ್ಯಗಳಿಗೆ ಒಂದು ನಡೆ ಇತ್ತು, ಯಕ್ಷಗಾನದ ಅರ್ಥಗಾರಿಕೆಯ ಒಂದು ಗತ್ತು ಇತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. “ಇದು ಅವಳು ಬರೆದದ್ದಲ್ಲ” ಎಂದು ಮೊದಲು ಹೇಳಿದವರು ಯಾರೆಂದು ಈಗ ನೆನಪಿಲ್ಲ. ಮೂವರೂ ಹೇಳಿದೆವು ಎನ್ನುವುದೇ ನ್ಯಾಯ.

ಅವಳನ್ನು ಕರೆಸಿದೆವು. “ಏನಮ್ಮಾ, ಇದನ್ನು ಬರೆದುಕೊಟ್ಟವರು ಯಾರು?” ಎಂದು ಕೇಳಿದೆವು. “ನಾನೇ ಸರ್” ಎಂದಳು. ಎದುರಿಗೇ ಕೂರಿಸಿ ಅರ್ಧ ಪುಟ ಬರೆಸಿದೆವು. ಅಲ್ಪಪ್ರಾಣ ಮಹಾಪ್ರಾಣಗಳು ಅದಲು ಬದಲಾಗಿದ್ದವು; ಒತ್ತಕ್ಷರಗಳು ಅಲ್ಲಲ್ಲಿ ಜಾರಿದ್ದವು. ಆದರೆ ವಾಕ್ಯದ ನಡೆ ಅದೇ. ಮತ್ತೆ ಕೇಳಿದಾಗ, ಅಜ್ಜ ಕಾಗುಣಿತ ತಿದ್ದಿದರೆಂದೂ, ತಿದ್ದಿದ್ದನ್ನು ತಾನು ನಕಲು ಮಾಡಿದೆನೆಂದೂ ಒಪ್ಪಿಕೊಂಡಳು. ಅಷ್ಟು ಸಾಕಾಯಿತು ನಮಗೆ. ‘ಪರರ ನೆರವು ಪಡೆದ ಕಾರಣ’ ಅವಳಿಗೆ ಸಮಾಧಾನಕರ ಬಹುಮಾನ ಕೊಟ್ಟು, ಮೊದಲ ಬಹುಮಾನವನ್ನು ಇನ್ನೊಬ್ಬ ಹುಡುಗನಿಗೆ ಕೊಟ್ಟೆವು. ಆ ಹುಡುಗನ ತಾಯಿ ಕನ್ನಡ ಎಂ.ಎ. ಮಾಡಿದವರು. ಅವನ ಪ್ರಬಂಧದಲ್ಲಿ ಒಂದೇ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಅವನನ್ನು ಮಾತ್ರ ನಾವು ಯಾರೂ ಏನೂ ಕೇಳಲಿಲ್ಲ. ಕೇಳಬೇಕೆಂದು ತೋಚಲೂ ಇಲ್ಲ.

ಆ ರಾತ್ರಿ ಮನೆಯಲ್ಲಿ ಈ ವಿಷಯ ಎತ್ತಿದಾಗ, ಗಿಟಾರು ಹಿಡಿದು ಮೂಲೆಯಲ್ಲಿ ಕುಳಿತಿದ್ದ ತಂಗಿಯ ಮಗ ತಲೆ ಎತ್ತಿದ. “ಮಾಮ, ಡ್ಯಾನಿ ಎಲ್ಫ್‌ಮನ್‌ಗೂ ಹೀಗೇ ಮಾಡಿದ್ದರು” ಎಂದ. ಹಾಗೆಂದರೆ ಯಾರೆಂದು ನಮಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಂಡ ಮೇಲೆ, ಹುಡುಗ ಹೇಳಿದ್ದು ಎಷ್ಟು ಸರಿ ಎಂದು ತಿಳಿಯಿತು.

ಎಲ್ಫ್‌ಮನ್ ಅಮೇರಿಕದ ಚಲನಚಿತ್ರ ಸಂಗೀತ ನಿರ್ದೇಶಕರು. ಹುಟ್ಟಿದ್ದು 1953ರಲ್ಲಿ, ಲಾಸ್ ಏಂಜಲಿಸ್ ನಗರದಲ್ಲಿ. ಹೆಸರು ಪರಿಚಯವಿಲ್ಲದವರಿಗೂ ಅವರ ಒಂದು ರಾಗವಾದರೂ ಪರಿಚಯವಿದ್ದೀತು: 1989ರಲ್ಲಿ ಆರಂಭವಾದ ‘ದಿ ಸಿಂಪ್ಸನ್ಸ್’ ಎಂಬ ಕಾರ್ಟೂನ್ ಧಾರಾವಾಹಿಯ ಆರಂಭದ ಸಂಗೀತ ಅವರದೇ. ಅವರು ಯಾವ ಸಂಗೀತ ಶಾಲೆಯಲ್ಲೂ ಕಲಿತವರಲ್ಲ. ಹುಡುಗನಾಗಿದ್ದಾಗ ವಾರದ ಕೊನೆಯನ್ನೆಲ್ಲ ಚಿತ್ರಮಂದಿರದಲ್ಲಿ ಕಳೆದವರು. 1951ರ ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ ಚಿತ್ರವನ್ನು ನೋಡುವಾಗ, ಈ ಸಂಗೀತದ ಹಿಂದೆ ಒಬ್ಬ ಮನುಷ್ಯನಿದ್ದಾನೆ ಎಂಬುದು ತಮಗೆ ಮೊದಲ ಬಾರಿ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಆ ಮನುಷ್ಯ ಬರ್ನಾರ್ಡ್ ಹರ್ಮನ್. ಹಿಚ್‌ಕಾಕನ ‘ಸೈಕೋ’ ಚಿತ್ರಕ್ಕೆ ಬರಿಯ ತಂತಿವಾದ್ಯಗಳಿಂದಲೇ ಸಂಗೀತ ಕೊಟ್ಟು ಜಗತ್ತನ್ನು ನಡುಗಿಸಿದ ಮಹನೀಯರು. ಎಲ್ಫ್‌ಮನ್ನರು ಚಿತ್ರರಂಗಕ್ಕೆ ಕಾಲಿಡುವ ಮೊದಲೇ, 1975ರಲ್ಲಿ, ಹರ್ಮನ್ ತೀರಿಕೊಂಡಿದ್ದರು. ಅಂತೂ ಶಿಷ್ಯನಿಗೆ ದೊರೆತದ್ದು ಮೂರ್ತಿ ಮಾತ್ರ.

ಹದಿಹರೆಯ ಕಳೆಯುವ ಹೊತ್ತಿಗೆ ಪಿಟೀಲು ಹಿಡಿದು ಫ್ರಾನ್ಸಿಗೆ ಹೋದರು. ಅಲ್ಲಿಂದ ಪಶ್ಚಿಮ ಆಫ್ರಿಕದಲ್ಲಿ ತಿಂಗಳುಗಟ್ಟಲೆ ಅಲೆದರು. ಮಲೇರಿಯ ಅಂಟಿಸಿಕೊಂಡು ಊರಿಗೆ ಮರಳಿದರು. 1972ರಲ್ಲಿ ಅವರ ಅಣ್ಣ ರಿಚರ್ಡ್ ಕಟ್ಟಿದ್ದ ಒಂದು ವಿಚಿತ್ರ ಬೀದಿ ನಾಟಕದ ತಂಡವಿತ್ತು. ಅದರ ಸಂಗೀತದ ಹೊಣೆ ತಮ್ಮನ ಹೆಗಲಿಗೆ ಬಿತ್ತು. ತಂಡಕ್ಕೆ ಬೇಕಾಗಿದ್ದು ಡ್ಯೂಕ್ ಎಲಿಂಗ್ಟನ್, ಕ್ಯಾಬ್ ಕ್ಯಾಲೊವೇ ಮುಂತಾದವರ ಹಳೆಯ ಜಾಝ್ ಹಾಡುಗಳು. ಈತ ಹಳೆಯ ರೆಕಾರ್ಡುಗಳನ್ನು ಮತ್ತೆ ಮತ್ತೆ ಹಾಕಿ, ಕೇಳಿದ್ದನ್ನು ಕಾಗದದ ಮೇಲೆ ಸ್ವರಗಳಾಗಿ ಇಳಿಸಿದರು. ಸ್ವರಲಿಪಿ ಬರೆಯುವುದನ್ನು ಕಲಿತದ್ದೇ ಹೀಗೆ. ಆ ರೆಕಾರ್ಡುಗಳೇ ಪಠ್ಯ, ಕಿವಿಯೇ ಉಪಾಧ್ಯಾಯ. 1979ರಲ್ಲಿ ನಾಟಕ ತಂಡ ರೂಪ ಬದಲಿಸಿ ‘ಆಯಿಂಗೊ ಬಾಯಿಂಗೊ’ ಎಂಬ ರಾಕ್ ತಂಡವಾಯಿತು. ಎಲ್ಫ್‌ಮನ್ ಅದರ ಗಾಯಕರು, ಹಾಡುಗಳನ್ನು ಕಟ್ಟುವವರು. ಗಿಟಾರು ಹಿಡಿದವರು ಸ್ಟೀವ್ ಬಾರ್ಟೆಕ್.

1985ರಲ್ಲಿ ಟಿಮ್ ಬರ್ಟನ್ ಎಂಬ ತರುಣ ತನ್ನ ಮೊದಲ ಪೂರ್ಣಾವಧಿ ಚಿತ್ರ ‘ಪೀ-ವೀಸ್ ಬಿಗ್ ಅಡ್ವೆಂಚರ್’ಗೆ ಸಂಗೀತ ಕೊಡಲು ಇವರನ್ನು ಕರೆದ. ಅಣ್ಣನ ಒಂದು ಚಿಕ್ಕ ಚಿತ್ರವನ್ನು ಬಿಟ್ಟರೆ ಇವರಿಗೆ ಅನುಭವವಿಲ್ಲ. ವಾದ್ಯವೃಂದದ ಮುಂದೆ ನಿಂತು ಗೊತ್ತಿಲ್ಲ. ಬಾರ್ಟೆಕರನ್ನು ಜೊತೆಗೆ ಕರೆದುಕೊಂಡರು. ಇವರು ಬರೆದ ಸ್ವರಗಳನ್ನು ಇಂಥ ತುತ್ತೂರಿಗೆ, ಇಂಥ ಪಿಟೀಲಿಗೆ, ಇಂಥ ಕೊಳಲಿಗೆ ಎಂದು ಹಂಚಿ ಹಾಳೆಗೆ ಏರಿಸುವ ಆರ್ಕೆಸ್ಟ್ರೇಟರನ ಕೆಲಸ ಬಾರ್ಟೆಕರದಾಯಿತು. ರಾಕ್ ಹಾಡುಗಾರ ಚಿತ್ರಕ್ಕೆ ಗಿಟಾರಿನ ಅಬ್ಬರವನ್ನೇ ತುಂಬುತ್ತಾನೆಂದು ಎಣಿಸಿದವರಿಗೆ ಆಶ್ಚರ್ಯವಾಯಿತು. ಕೇಳಿಬಂದದ್ದು ಹಳೆಯ ಸರ್ಕಸ್ಸಿನ ಸಂಭ್ರಮ, ಇಟಲಿಯ ನೀನೊ ರೋಟ ಫೆಲೀನಿಯ ಚಿತ್ರಗಳಿಗೆ ಕೊಟ್ಟ ಸಂಗೀತದ ನೆರಳು, ಹರ್ಮನ್ನರ ಛಾಯೆ. ರಾಕ್ ಸಂಗೀತದಿಂದ ಆತ ತಂದದ್ದು ಅದರ ಶಬ್ದವನ್ನಲ್ಲ, ಅಭ್ಯಾಸವನ್ನು: ಕಿವಿಯಿಂದ ಕಲಿಯುವುದು, ಜೊತೆಗಾರರೊಡನೆ ಕಟ್ಟುವುದು, ನಿಯಮ ಗೊತ್ತಿಲ್ಲದೆಯೂ ಹೆದರದೆ ನುಗ್ಗುವುದು.

ಅಲ್ಲಿಯವರೆಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 1989ರಲ್ಲಿ ‘ಬ್ಯಾಟ್‌ಮನ್’ ಬಂತು. ಅದು ಮಹಾ ವೆಚ್ಚದ ಚಿತ್ರ, ಭಾರೀ ವಾದ್ಯವೃಂದ. ಲಂಡನ್ನಿನಲ್ಲಿ ಚಿತ್ರೀಕರಣದ ಸೆಟ್ ನೋಡಿ ವಿಮಾನದಲ್ಲಿ ಮರಳುವಾಗ ಮುಖ್ಯ ರಾಗ ಹೊಳೆಯಿತಂತೆ. ಮರೆತುಹೋದೀತೆಂಬ ಭಯದಿಂದ ಎಲ್ಫ್‌ಮನ್ ಮತ್ತೆ ಮತ್ತೆ ವಿಮಾನದ ಶೌಚಗೃಹಕ್ಕೆ ಓಡಿ, ಬಾಗಿಲು ಹಾಕಿಕೊಂಡು, ಪುಟ್ಟ ಟೇಪ್ ರೆಕಾರ್ಡರಿಗೆ ಗುನುಗಿಟ್ಟರಂತೆ. ಈತನಿಗೆ ಹೊಟ್ಟೆ ಕೆಟ್ಟಿದೆಯೆಂದು ಗಗನಸಖಿಯರು ತಿಳಿದಿದ್ದರೆ ತಪ್ಪೇನಿಲ್ಲ. ಹಾಗೆ ಗುನುಗಿದ ರಾಗಕ್ಕೆ 1990ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು.

ಆಗಲೇ ಪಿಸುಮಾತು ಎದ್ದದ್ದು. ಶಾಲೆಯಲ್ಲಿ ಕಲಿಯದ ರಾಕ್ ಹಾಡುಗಾರನೊಬ್ಬ ಇಂಥದನ್ನು ಬರೆಯಬಲ್ಲನೆ? ಬರೆದವನು ಬಾರ್ಟೆಕ್ ಇರಬೇಕು. ಇಲ್ಲವೇ ವಾದ್ಯವೃಂದವನ್ನು ನಡೆಸಿದ ಶರ್ಲಿ ವಾಕರ್ ಇರಬೇಕು. ಆಕೆ ಸ್ವತಃ ಸಮರ್ಥ ಸಂಗೀತಗಾರ್ತಿ. ಮುಂದೆ 1992ರಲ್ಲಿ ಆರಂಭವಾದ ಬ್ಯಾಟ್‌ಮನ್ ಕಾರ್ಟೂನ್ ಧಾರಾವಾಹಿಗೆ ತಾವೇ ಸಂಗೀತ ಕೊಟ್ಟು ಹೆಸರಾದವರು. ಪಿಸುಮಾತಿನ ವಿಶೇಷ ನೋಡಿ: ಅದು ಒಬ್ಬನಿಂದ ಅವನದನ್ನು ಕಸಿಯುತ್ತದೆ, ಇನ್ನೊಬ್ಬರಿಗೆ ಅವರದಲ್ಲದ್ದನ್ನು ಕೊಟ್ಟು, ನಿಜವಾಗಿ ಅವರದಾದದ್ದನ್ನು ಮರೆಸುತ್ತದೆ. ಸಂಗೀತದ ಪತ್ರಿಕೆಯೊಂದರಲ್ಲಿ ಶಾಸ್ತ್ರಜ್ಞರೊಬ್ಬರ ಟೀಕೆ ಬಂದಾಗ, ಎಲ್ಫ್‌ಮನ್ 1990ರಲ್ಲಿ ಅದೇ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದು, ತಮ್ಮ ಸಂಗೀತವನ್ನು ತಾವೇ ಬರೆಯುವುದಾಗಿ ಕೊಂಚ ಕೋಪದಿಂದಲೇ ಹೇಳಬೇಕಾಯಿತು. ಎದುರಿಗೆ ಕೂರಿಸಿ ಅರ್ಧ ಪುಟ ಬರೆಸುವುದು ಅಂದರೆ ಇದೇ ಅಲ್ಲವೆ?

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ನೆರವು ಪಡೆದದ್ದೇ ಅಪರಾಧವಾಗಿದ್ದರೆ, ಹಾಲಿವುಡ್ಡಿನಲ್ಲಿ ಅಪರಾಧಿಯಲ್ಲದವರು ಎಷ್ಟು ಮಂದಿ? 1930ರ ದಶಕದಲ್ಲೇ ವಿಯೆನ್ನಾದ ಸಂಗೀತ ಪರಂಪರೆಯಿಂದ ಬಂದ ಮ್ಯಾಕ್ಸ್ ಸ್ಟೈನರ್, ಕಾರ್ನ್‌ಗೋಲ್ಡ್ ಅಂಥ ಘನ ವಿದ್ವಾಂಸರು ಹ್ಯೂಗೊ ಫ್ರೀಡ್‌ಹೋಫರ್ ಎಂಬವರ ಕೈಯಲ್ಲಿ ತಮ್ಮ ಸ್ವರಗಳನ್ನು ವಾದ್ಯಗಳಿಗೆ ಹಂಚಿಸುತ್ತಿದ್ದರು. ಚಿತ್ರ ತೆರೆ ಕಾಣಬೇಕಾದ ದಿನ ತಲೆಯ ಮೇಲೆ ಕುಳಿತಿರುವಾಗ ಅದು ಅನಿವಾರ್ಯವೂ ಆಗಿತ್ತು. ಅವರ ಸಂಗೀತ ಅವರದಲ್ಲವೆಂದು ಯಾರೂ ಪಿಸುಗುಟ್ಟಲಿಲ್ಲ. ಮುಂಬಯಿಯ ಹಿಂದಿ ಚಿತ್ರರಂಗದಲ್ಲಿ ನೋಡಿ: ಶಂಕರ್-ಜೈಕಿಷನ್ ಜೋಡಿಯ ಹಾಡುಗಳಿಗೆ ವಾದ್ಯಗಳ ಮೆರವಣಿಗೆ ಕಟ್ಟಿದ ಗೋವೆಯ ಸೆಬಾಸ್ಟಿಯನ್ ಡಿಸೋಜರ ಹೆಸರು, ಆ ಹಾಡುಗಳನ್ನು ಬಾಯಿಪಾಠ ಮಾಡಿದ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಹಾಗಾದರೆ ಸಂಶಯ ಹುಟ್ಟಿದ್ದು ನೆರವಿನಿಂದಲ್ಲ, ಮೂಲದಿಂದ. ಒಳ್ಳೆಯ ಮನೆತನದವನು ಕೈ ಚಾಚಿದರೆ ಅದು ಸಹಕಾರ. ಬೀದಿಯಿಂದ ಬಂದವನು ಚಾಚಿದರೆ ಕಳ್ಳತನ. ಎಂ.ಎ. ಓದಿದ ತಾಯಿಯ ಮಗನನ್ನು ನಾವು ಪ್ರಶ್ನಿಸದೆ ಬಿಟ್ಟದ್ದೂ ಇದೇ ಲೆಕ್ಕದಲ್ಲಿ.

ಇಷ್ಟು ಹೇಳಿ ಮುಗಿಸಿದರೆ ವಿಷಯ ಬಹಳ ಸುಲಭವಾಗಿಬಿಡುತ್ತದೆ. ಆದರೆ ಒಂದು ತೊಡಕಿದೆ. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಎಲ್ಫ್‌ಮನ್ ಯಾರನ್ನು ಮನಸಾ ಗುರುವೆಂದು ಎಣಿಸಿದ್ದರೋ ಆ ಹರ್ಮನ್ನರೇ ಈ ಪದ್ಧತಿಯನ್ನು ಒಪ್ಪುತ್ತಿರಲಿಲ್ಲ. ತಮ್ಮ ಸಂಗೀತದ ಒಂದೊಂದು ವಾದ್ಯದ ಪಾಲನ್ನೂ ಅವರು ತಾವೇ ಬರೆಯುತ್ತಿದ್ದರು. ಬೇರೆಯವರಿಂದ ಬರೆಸುವವರನ್ನು ಬಹಿರಂಗವಾಗಿ ಹೀಗಳೆಯುತ್ತಿದ್ದರು. ವಾದ್ಯಗಳ ಹಂಚಿಕೆಯೆಂದರೆ ಹೆಬ್ಬೆರಳಿನ ಗುರುತಿದ್ದಂತೆ, ಅದನ್ನು ಇನ್ನೊಬ್ಬರಿಗೆ ವಹಿಸುವುದಾದರೂ ಹೇಗೆ ಎಂಬುದು ಅವರ ವಾದ. ಹೆಬ್ಬೆರಳು! ಏಕಲವ್ಯನ ಕಥೆಯ ಗಾಳಿಯೂ ಸೋಕದ ಆ ದೇಶದಲ್ಲಿ ಈ ಮಾತು ಹುಟ್ಟಿತೆಂಬುದು ಎಂಥ ವಿಚಿತ್ರ! ಮೂರ್ತಿಗೆ ಜೀವ ಬಂದು ಎದುರು ನಿಂತಿದ್ದರೆ ಶಿಷ್ಯನನ್ನು ಏನು ಕೇಳುತ್ತಿತ್ತೋ ಊಹಿಸಬಹುದು.

ಹರ್ಮನ್ನರ ಮಾತಿನಲ್ಲಿ ಹುರುಳಿಲ್ಲವೆ? ಖಂಡಿತ ಇದೆ. ಚಿತ್ರಕಾರ ಗೆರೆ ಎಳೆದು, ಬಣ್ಣವನ್ನು ಇನ್ನೊಬ್ಬರು ತುಂಬಿದರೆ ಆ ಚಿತ್ರ ಯಾರದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಭ್ಯಾಸದ ಕಷ್ಟವನ್ನು ತಪ್ಪಿಸಿಕೊಳ್ಳಲು ‘ನಾನು ಸ್ವಯಂಪ್ರತಿಭೆ’ ಎಂದು ಹೇಳಿಕೊಳ್ಳುವವರೂ ಲೋಕದಲ್ಲಿ ಕಡಮೆಯಿಲ್ಲ. ಗುರುಮುಖದಿಂದ ಕಲಿತವನು ಹತ್ತು ವರ್ಷ ಬೆವರು ಸುರಿಸಿರುತ್ತಾನೆ. ಅವನ ಅಸಮಾಧಾನವನ್ನು ಬರಿಯ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವುದು ಸರಿಯಲ್ಲ. ಹಾಗಾದರೆ ಒಂದು ಕೃತಿ ಇವನದು ಎಂದು ಹೇಳಲು ಅಳತೆಗೋಲು ಯಾವುದು?

ನಮಗೆ ತೋಚುವುದು ಎರಡು. ಮೊದಲನೆಯದು ಹೊಣೆ. ರಾಗ ಹಿಡಿಸಲಿಲ್ಲವೆಂದು ನಿರ್ದೇಶಕ ತಲೆಯಾಡಿಸಿದಾಗ ಮತ್ತೆ ಕುಳಿತು ಬರೆಯಬೇಕಾದವನು ಯಾರು? ಚಿತ್ರ ಸೋತಾಗ ಬೈಗುಳ ತಿನ್ನುವವನು ಯಾರು? ಮುಂದಿನ ಸ್ವರ ಯಾವುದೆಂದು ಕೊನೆಯ ಮಾತು ಹೇಳುವವನು ಯಾರು? ಅವನೇ ಕರ್ತೃ. ಕೆಲಸದಲ್ಲಿ ಕೈ ಎಷ್ಟೇ ಇರಲಿ, ಹೊಣೆ ಹೊತ್ತ ತಲೆ ಒಂದೇ. ಎರಡನೆಯದು ಋಣ. ಪಡೆದದ್ದನ್ನು ಪಡೆದೆನೆಂದು ಹೇಳುವುದು. ಇದಿಲ್ಲದೆ ಮೊದಲನೆಯದು ಸಾಲದು. ಹೊಣೆ ಹೊತ್ತವನು ಋಣವನ್ನು ಮುಚ್ಚಿಟ್ಟರೆ ಅವನು ಯಜಮಾನನಾದಾನೇ ಹೊರತು ಕಲಾವಿದನಾಗಲಾರ.

ಈ ಎರಡರಲ್ಲೂ ಎಲ್ಫ್‌ಮನ್ ಗಟ್ಟಿಯಾಗಿ ನಿಲ್ಲುತ್ತಾರೆಂದು ನಮ್ಮ ಭಾವನೆ. ಇಲ್ಲಿ ನಾವು ಮಾತನಾಡುತ್ತಿರುವುದು ಅವರ ವಿದ್ಯೆಯ ಬಗ್ಗೆ ಮಾತ್ರ, ಬಾಳಿನ ಬೇರೆ ಲೆಕ್ಕಗಳ ಬಗ್ಗೆ ಅಲ್ಲ. ಬಾರ್ಟೆಕರ ಹೆಸರು ಚಿತ್ರದಿಂದ ಚಿತ್ರಕ್ಕೆ ತೆರೆಯ ಮೇಲೆ ಬಂದಿದೆ. 1995ರ ಅಕ್ಟೋಬರ್ 31ರಂದು ರಾಕ್ ತಂಡ ಕೊನೆಯ ಕಚೇರಿ ನಡೆಸಿ ಮುಚ್ಚಿಕೊಂಡಿತು. ವರ್ಷಗಟ್ಟಲೆ ಅಬ್ಬರದ ನಡುವೆ ನಿಂತು ಎಲ್ಫ್‌ಮನ್ನರ ಕಿವಿಗಳೇ ಸೋತಿದ್ದವು. ತಂಡ ಮುಗಿದರೂ ಬಾರ್ಟೆಕ್ ಮಾತ್ರ ಜೊತೆಯಲ್ಲೇ ಉಳಿದರು. ನಾಲ್ಕು ಬಾರಿ ಆಸ್ಕರ್ ಪ್ರಶಸ್ತಿಗೆ ಹೆಸರು ಸೂಚಿತವಾಗಿ ನಾಲ್ಕು ಬಾರಿಯೂ ಬರಿಗೈಯಲ್ಲಿ ಮರಳಿದ್ದಾಯಿತು. ಆದರೂ ಕಲಿಕೆ ನಿಲ್ಲಲಿಲ್ಲ. 2005ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಅವರ ವಾದ್ಯವೃಂದ ಕೃತಿಯೊಂದು ಮೊಳಗಿತು. 2017ರಲ್ಲಿ, ಅರವತ್ತು ದಾಟಿದ ಮೇಲೆ, ಪ್ರಾಗ್ ನಗರದಲ್ಲಿ ಅವರ ಪಿಟೀಲು ಕಾನ್ಸರ್ಟೊ ಮೊದಲ ಬಾರಿ ಕೇಳಿಬಂತು. ಚಿತ್ರದ ಆಸರೆಯಿಲ್ಲದೆ ನಿಲ್ಲಬೇಕಾದ ಸಂಗೀತವದು. ಅವರನ್ನು ಇದಕ್ಕೆ ಯಾರೂ ಒತ್ತಾಯಿಸಿರಲಿಲ್ಲ. 2021ರಲ್ಲಿ ‘ಬಿಗ್ ಮೆಸ್’ ಎಂಬ ಧ್ವನಿಸಂಪುಟದೊಂದಿಗೆ ಹಳೆಯ ರಾಕ್ ಮನೆಗೂ ಒಮ್ಮೆ ಹೋಗಿ ಬಂದರು.

ಇವೆಲ್ಲಕ್ಕಿಂತ ನಮ್ಮ ಮನಸ್ಸಿಗೆ ಹಿಡಿದದ್ದು 1998ರ ಒಂದು ಸಂಗತಿ. ಆ ವರ್ಷ ಗಸ್ ವ್ಯಾನ್ ಸಾಂಟ್ ಎಂಬ ನಿರ್ದೇಶಕರು ‘ಸೈಕೋ’ ಚಿತ್ರವನ್ನು ಮತ್ತೆ ತೆಗೆದರು. ಸಂಗೀತಕ್ಕೆ ಎಲ್ಫ್‌ಮನ್. ಆಗ ಅವರು ದೊಡ್ಡ ಹೆಸರು. ಹೊಸದಾಗಿ ತಮ್ಮದೇ ಸಂಗೀತ ಬರೆಯಲು ಅಡ್ಡಿಯೇನಿತ್ತು? ಆದರೆ ಅವರು ಹರ್ಮನ್ನರ 1960ರ ಸಂಗೀತವನ್ನೇ ತೆಗೆದುಕೊಂಡು, ಬಾರ್ಟೆಕರೊಡನೆ ಕುಳಿತು ಹೊಸ ಚಿತ್ರಕ್ಕೆ ಹೊಂದಿಸಿ, ಹೊಸದಾಗಿ ಧ್ವನಿಮುದ್ರಣ ಮಾಡಿಸಿಕೊಟ್ಟರು. ಎಂದೂ ಎದುರು ಕುಳಿತು ಪಾಠ ಹೇಳದ, ಬದುಕಿದ್ದರೆ ಬಹುಶಃ ಬಾಗಿಲೇ ತೆರೆಯದಿದ್ದ ಗುರುವಿಗೆ ಕೊಟ್ಟ ದಕ್ಷಿಣೆ ಇದು. ಇಲ್ಲಿ ಹೆಬ್ಬೆರಳು ಕತ್ತರಿಸಬೇಕಾಗಲಿಲ್ಲ. ಒಂದು ಚಿತ್ರದ ಮಟ್ಟಿಗೆ ತನ್ನ ಹೆಬ್ಬೆರಳಿನ ಗುರುತನ್ನು ಹಿಂದಿಟ್ಟು ಗುರುವಿನ ಗುರುತನ್ನು ಮುಂದಿಟ್ಟರೆ ಸಾಕಾಯಿತು.

ಹಾಗೆ ನೋಡಿದರೆ ‘ಗುರುವಿಲ್ಲದವನು’ ಎಂಬ ಮಾತೇ ತಪ್ಪು. ಸೋಮೇಶ್ವರ ಶತಕವನ್ನು ಶಾಲೆಯಲ್ಲಿ ಓದಿದವರಿಗೆ ನೆನಪಿದ್ದೀತು: ತಿಳಿದವರಿಂದ ಒಂದಿಷ್ಟು, ಶಾಸ್ತ್ರಗಳಿಂದ ಒಂದಿಷ್ಟು, ಮಾಡುವವರನ್ನು ಕಂಡು ಒಂದಿಷ್ಟು, ಒಳ್ಳೆಯವರ ಒಡನಾಟದಿಂದ ಒಂದಿಷ್ಟು ಕಲಿತೇ ಮನುಷ್ಯ ಬಲ್ಲವನಾಗುವುದೆಂದು ಆ ಕವಿ ಎಂದೋ ಹೇಳಿಬಿಟ್ಟಿದ್ದಾನೆ. ಶಾಲೆಯಲ್ಲಿ ಕಲಿತವನಿಗೆ ತಾನು ಯಾರಿಗೆ ಋಣಿ ಎಂದು ಸುಲಭವಾಗಿ ಗೊತ್ತು. ನಮಸ್ಕಾರ ಮಾಡಲು ಒಂದು ಪಾದವಿದೆ. ಕಂಡು ಕೇಳಿ ಕಲಿತವನ ಋಣ ಹತ್ತು ಕಡೆ ಚದರಿಹೋಗಿರುತ್ತದೆ. ಅದನ್ನು ಹುಡುಕಿ ಹುಡುಕಿ ತೀರಿಸಬೇಕಾದ ಕಷ್ಟ ಅವನದು. ಆದ್ದರಿಂದ ಅವನ ಹೊರೆ ದೊಡ್ಡದೇ ಹೊರತು ಚಿಕ್ಕದಲ್ಲ.

ಹೊರನಾಡಿನ ಕನ್ನಡಿಗರಾದ ನಮಗೆ ಇದು ಬೇರೆ ಯಾರೋ ಹೇಳಿಕೊಡಬೇಕಾದ ಸಂಗತಿಯೆ? ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯ ಮಂದ ಬೆಳಕಿನಲ್ಲಿ ಅಕ್ಷರ ತಿದ್ದಿದವರು ಈ ನಗರದ ನಮ್ಮ ಹಿರಿಯರು. ನಮ್ಮ ಮಕ್ಕಳಂತೂ ಕನ್ನಡವನ್ನು ಕಲಿಯುವುದೇ ಈ ರೀತಿ: ಅಜ್ಜಿಯ ಬಾಯಿಂದ ಒಂದು ಗಾದೆ, ಬೇಸಗೆಯಲ್ಲಿ ಊರಿಗೆ ಹೋದಾಗ ಬಸ್ಸಿನ ಬೋರ್ಡಿನಿಂದ ನಾಲ್ಕು ಅಕ್ಷರ, ಬಯಲಾಟದಿಂದ ಒಂದಿಷ್ಟು ಗತ್ತು, ಸಿನಿಮಾ ಹಾಡಿನಿಂದ ಒಂದಿಷ್ಟು ಪದ. ಹೀಗೆ ಆರಿಸಿಕೊಂಡ ಕಾಳುಗಳಿಂದ ಮಗುವೊಂದು ಅಡುಗೆ ಮಾಡಿ ತಂದು ಬಡಿಸಿದರೆ, “ಇದನ್ನು ಯಾರ ಮನೆಯಿಂದ ತಂದೆ?” ಎಂದು ಕೇಳುವವರು ನಾವು. ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ವೇದಿಕೆಯ ಮೇಲೆ ಕಣ್ಣೀರಿಡುವವರೂ ನಾವೇ.

ಆ ಹುಡುಗಿ ಮತ್ತೆ ನಮ್ಮ ಸಂಘದ ಕಡೆ ಬರಲಿಲ್ಲ. ಮರು ವರ್ಷ ಕಾದೆವು. ಅದರ ಮರು ವರ್ಷವೂ ಕಾದೆವು. ಒಮ್ಮೆ ರೈಲ್ವೆ ಸ್ಟೇಷನ್ನಿನ ಸೇತುವೆಯ ಮೇಲೆ ಅವಳ ಅಜ್ಜ ಸಿಕ್ಕಿದ್ದರು. ಕುಶಲ ಕೇಳಿದೆವು. “ಹುಡುಗಿ ಈಗಲೂ ಬರೀತಾಳಾ?” ಎಂದಾಗ ಆ ಹಿರಿಯರು, “ಇಂಗ್ಲಿಷಿನಲ್ಲಿ ಬರೀತಾಳೆ. ಅದರಲ್ಲಿ ಬರೆದರೆ ಯಾರೂ ಏನೂ ಕೇಳುವುದಿಲ್ಲವಂತೆ” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ.

ಮಾಡಿದ್ದನ್ನು ಅಳಿಸಲು ಬಾರದು. ಆದರೆ ಒಂದು ಸಣ್ಣ ಬದಲಾವಣೆಯನ್ನು ನಮ್ಮ ಸಮಿತಿ ಒಪ್ಪಿದೆ. ಇನ್ನು ಮುಂದೆ ಪ್ರಬಂಧದ ಹಾಳೆಯ ಕೊನೆಯಲ್ಲಿ ಒಂದು ಸಾಲು ಖಾಲಿ ಇರುತ್ತದೆ: ‘ನನಗೆ ನೆರವಾದವರು’. ಅಜ್ಜ ಕಾಗುಣಿತ ತಿದ್ದಿದ್ದರೆ ಅಜ್ಜನ ಹೆಸರು, ತಾಯಿ ವಾಕ್ಯ ಸರಿಪಡಿಸಿದ್ದರೆ ತಾಯಿಯ ಹೆಸರು. ಎಲ್ಲ ಮಕ್ಕಳೂ ಬರೆಯಬೇಕು, ಎಂ.ಎ. ಓದಿದವರ ಮಕ್ಕಳೂ ಸೇರಿ. ಹೆಸರು ಬರೆದವರಿಗೆ ಅಂಕ ಕಡಿತವಿಲ್ಲ. ತೀರ್ಪುಗಾರರ ಪೀಠದಲ್ಲಿ ಮಾತ್ರ ಈ ಬಾರಿ ನಾವು ಕೂರುವುದಿಲ್ಲ.

ಈ ಸಂಚಿಕೆ ಎಂದಿನಂತೆ ಆ ಅಜ್ಜನ ವಿಳಾಸಕ್ಕೂ ಹೋಗುತ್ತದೆ. ಮೊಮ್ಮಗಳು ಓದುತ್ತಾಳೋ ಇಲ್ಲವೋ ತಿಳಿಯದು. ಓದಿದರೆ, ನಮ್ಮ ಈ ಬರಹದಲ್ಲಿ ಎಲ್ಲಿಯಾದರೂ ಒತ್ತಕ್ಷರ ಜಾರಿದ್ದರೆ, ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಲಿ. ಮುಂದಿನ ಸಂಚಿಕೆಯಲ್ಲಿ ಅವಳ ಹೆಸರಿನೊಂದಿಗೆ ಅಚ್ಚು ಹಾಕುತ್ತೇವೆ.